ಒಂದು ಗೇಣು ಎತ್ತರ

ಮುದ್ದೆಯ ತಟ್ಟೆಯ ಮುಂದೆ ಕೂತು ಸಣ್ಣಸ್ವಾಮಿ ಪ್ರತಿಜ್ಞೆ ಮಾಡಿದ. ಪುರಾಣದಲ್ಲಿ ಪ್ರತಿಜ್ಞೆ ಮಾಡಿದವರ ಕೈಯಲ್ಲಿ ಗದೆಯೋ ಬಿಲ್ಲೋ ಇರುತ್ತಿತ್ತು. ಇವನ ಕೈಯಲ್ಲಿ ಹುರುಳಿ ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತಿತ್ತು. ಆದರೂ ಮಾತಿನ ಗತ್ತಿಗೇನೂ ಕೊರತೆಯಿರಲಿಲ್ಲ.

"ನೋಡ್ತಿರು ಕಣೇ," ಎಂದ. "ಇನ್ನು ಹದಿನೈದು ದಿನದೊಳಗೆ ನಿನ್ನನ್ನ ಗಾಡೀಲಿ ಕೂರಿಸ್ಕೊಂಡು ಆ ಬಂಡೆ ದಾಟಿಸ್ತೀನಿ. ದಾರೀಲಿ ನಿನ್ನ ಕಾಲು ಕೆಸರಿಗೆ ತಾಗಿದ್ರೆ ನನ್ನ ಹೆಸರು ಸಣ್ಣಸ್ವಾಮೀನೇ ಅಲ್ಲ."

ಮುತ್ತಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು. ಹದಿನೆಂಟು ವರ್ಷದ ಸಂಸಾರದಲ್ಲಿ ಗಂಡ ತನ್ನ ಹೆಸರನ್ನು ಪಣಕ್ಕಿಟ್ಟ ಸಲಗಳನ್ನೆಲ್ಲ ಲೆಕ್ಕ ಹಿಡಿದರೆ ಅವನಿಗೆ ಈಗ ಹೆಸರೇ ಉಳಿದಿರಬಾರದಿತ್ತು. ಅದನ್ನು ಅವಳು ಮನಸ್ಸಿನಲ್ಲೇ ಅಂದುಕೊಂಡಳು, ಬಾಯಿಬಿಟ್ಟು ಹೇಳಲಿಲ್ಲ. ಯಾಕೆಂದರೆ ಈ ಸಲದ ಪ್ರತಿಜ್ಞೆ ನಿಜವಾಗಲಿ ಎಂದು ಅವಳಿಗೂ ಆಸೆಯಿತ್ತು.

ಪ್ರತಿಜ್ಞೆಗೆ ಕಾರಣ ಅಂದು ಮಧ್ಯಾಹ್ನ ಬಂದಿದ್ದ ಒಂದು ಕಾರ್ಡು. ಹೆಬ್ಬಾಲೆಯಲ್ಲಿದ್ದ ಮುತ್ತಮ್ಮನ ತಮ್ಮ ಕೆಂಪಣ್ಣನಿಗೆ ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಹೆಣ್ಣುಮಗು ಹುಟ್ಟಿತ್ತು. ಅವರ ಮನೆಯ ಕಟ್ಟಳೆಯಂತೆ ಸೋದರತ್ತೆಯಾದವಳು ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕಿವಿಯಲ್ಲಿ ಹೆಸರು ಹೇಳಬೇಕು. ಅಲ್ಲಿಯವರೆಗೆ ಮಗುವಿಗೆ ಹೆಸರಿಲ್ಲ, ಹೆಸರಿಡುವ ತನಕ ಮಗು ಹೊಸ್ತಿಲು ದಾಟುವಂತಿಲ್ಲ. ಕೆಂಪಣ್ಣನಿಗೆ ಇದ್ದವಳು ಒಬ್ಬಳೇ ಅಕ್ಕ. ಶಾಸ್ತ್ರಕ್ಕೆ ಇನ್ನು ಹದಿನೈದು ದಿನವಿದೆ, ನೀನು ಬಂದರೆ ಹೆಸರು, ಬರದಿದ್ದರೆ ಮಗಳು ಹಾಗೇ ಬೆಳೆಯಲಿ ಎಂದು ಅವನು ಬರೆಸಿದ್ದ. ಮುತ್ತಮ್ಮ ಆ ಕಾರ್ಡನ್ನು ಓದಿಸಿ ಕೇಳಿದ ಮೇಲೆ ಒಲೆಯ ಮುಂದೆ ಕೂತು ಅದನ್ನು ಮತ್ತೆ ಮತ್ತೆ ತಿರುವಿ ನೋಡಿದ್ದಳು.

ಹೆಬ್ಬಾಲೆ ಏನು ದೂರದ ಊರಲ್ಲ. ಗುಡ್ಡೆಹೊಸೂರಿನ ಒಳಗಡೆ ಇದ್ದ ಇವರ ಹೊಲಮನೆಯಿಂದ ಹೆಚ್ಚೆಂದರೆ ಹನ್ನೆರಡು ಮೈಲಿ. ಸಣ್ಣಸ್ವಾಮಿಯ ಹತ್ತಿರ ಸ್ವಂತ ಪಿಕಪ್ಪು ಬೇರೆ ಇತ್ತು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಎಸ್ಟೇಟಿನ ಒಬ್ಬ ದೊರೆ ಗಂಟುಮೂಟೆ ಕಟ್ಟಿ ತನ್ನ ದೇಶಕ್ಕೆ ಹೊರಟಾಗ, ಇವನು ಎತ್ತಿನ ಜೋಡಿ ಮಾರಿ ಹರಾಜಿನಲ್ಲಿ ಹಿಡಿದ ಗಾಡಿ ಅದು. ಕಿತ್ತಳೆ ಕಾಲದಲ್ಲಿ ಬೆಟ್ಟದ ತೋಟಗಳಿಂದ ಕುಶಾಲನಗರಕ್ಕೆ ಹಣ್ಣು ಹೇರಿ ನಾಲ್ಕು ಕಾಸು ತರುತ್ತಿತ್ತು. ಗಾಡಿಯದು ಏನೂ ತಪ್ಪಿರಲಿಲ್ಲ. ತಪ್ಪೆಲ್ಲ ಬಂಡೆಯದು.

ಮನೆಯಿಂದ ಹೊರಬೀಳುವ ದಾರಿ ನೀರು ಹರಿಯುವ ತೋಡಿಗೂ ನೆರೆಮನೆಯ ಹುಚ್ಚಮ್ಮನ ಗದ್ದೆಗೂ ನಡುವೆ ಇಕ್ಕಟ್ಟಾಗಿ ಹೋಗುತ್ತಿತ್ತು. ಅಲ್ಲಿ ಎರಡು ಚಕ್ರದ ಜಾಡಿನ ಮಧ್ಯೆ ಒಂದು ಬಂಡೆ ಬೆನ್ನೆತ್ತಿ ಮಲಗಿತ್ತು. ಒಡೆಸೋಣವೆಂದರೆ ಅದು ಹುಚ್ಚಮ್ಮನ ಮನೆಯವರು ವರ್ಷಕ್ಕೊಮ್ಮೆ ಎಡೆ ಇಡುವ ಬಂಡೆ. ಸುತ್ತಿಗೆಯ ಮಾತೆತ್ತಿದರೆ ಮುದುಕಿ ದೇವರೇ ಮೈಮೇಲೆ ಬಂದವಳಂತೆ ಆಡುತ್ತಿದ್ದಳು. ಗಾಡಿ ಖಾಲಿಯಿದ್ದಾಗ ಬಂಡೆಯನ್ನು ಕೂದಲೆಳೆಯಷ್ಟರಲ್ಲಿ ದಾಟುತ್ತಿತ್ತು. ಜನ ಕೂತರೆ ತಗ್ಗಿ, ಎಂಜಿನ್ನಿನ ಅಡಿಯ ಎಣ್ಣೆ ಚೇಂಬರ್ ಬಂಡೆಗೆ ಬಡಿಯುತ್ತಿತ್ತು. ಆದ್ದರಿಂದ ಕೂತವರೆಲ್ಲ ಅಲ್ಲಿ ಇಳಿದು, ಪಕ್ಕದ ಕೆಸರಿನಲ್ಲಿ ಇಪ್ಪತ್ತೆರಡು ಹೆಜ್ಜೆ ನಡೆದು, ಆಚೆ ಮತ್ತೆ ಹತ್ತಬೇಕು. ಇದು ಆ ದಾರಿಯ ಕಾನೂನು.

ಹೋದ ವರ್ಷ ನಾಟಿಯ ಸಮಯದಲ್ಲಿ ಮುತ್ತಮ್ಮ ಆ ಇಪ್ಪತ್ತೆರಡು ಹೆಜ್ಜೆಯಲ್ಲಿ ಒಂಬತ್ತನೆಯದನ್ನು ತಪ್ಪಿ ಇಟ್ಟಳು. ಮಂಡಿ ತಿರುಚಿಕೊಂಡಿತು. ಗಾಡಿ ದಾಟಿಸಿ ಆಚೆ ನಿಂತಿದ್ದ ಸಣ್ಣಸ್ವಾಮಿ ಓಡಿಬಂದ. ಅಷ್ಟರಲ್ಲಿ ಗದ್ದೆಯಲ್ಲಿದ್ದ ನಾಲ್ವರು ಹೆಂಗಸರು ಬಂದು ಅವಳನ್ನು ಎತ್ತಿ ಮನೆಗೆ ಹೊತ್ತರು. ನಾಲ್ಕು ಜನರ ಕಣ್ಣೆದುರು ಗಂಡನಾದವನು ಹೆಂಡತಿಯನ್ನು ಮುಟ್ಟಿ ಎತ್ತುವುದುಂಟೆ? ಸಂತೆಗೆ ಹೋದರೂ ಗಂಡ ಹತ್ತು ಮಾರು ಮುಂದೆ, ಹೆಂಡತಿ ಹತ್ತು ಮಾರು ಹಿಂದೆ ನಡೆಯುವ ಕಾಲ. ಸಣ್ಣಸ್ವಾಮಿ ಎರಡು ಕೈಯನ್ನೂ ಜೋಲುಬಿಟ್ಟುಕೊಂಡು ಅವರ ಹಿಂದೆ ನಡೆದು ಬಂದಿದ್ದ. ಆ ಜೋಲುಗೈಗಳ ನೆನಪು ಅವನನ್ನು ಒಂದು ವರ್ಷದಿಂದ ಒಳಗೊಳಗೇ ಕುಟುಕುತ್ತಿತ್ತು.

ಅಂದಿನಿಂದ ಮುತ್ತಮ್ಮನ ಬಲಮಂಡಿ ಅರ್ಧಕ್ಕಿಂತ ಹೆಚ್ಚು ಮಡಚುವುದಿಲ್ಲ. ಮನೆಯೊಳಗೆ, ಹಿತ್ತಲಲ್ಲಿ ಓಡಾಡುತ್ತಾಳೆ, ಆದರೆ ಬಂಡೆಯ ಆಚೆಗೆ ಕಾಲಿಟ್ಟಿಲ್ಲ. ಸಂತೆಯಿಲ್ಲ, ತವರಿಲ್ಲ.

ಈಗ ಸಣ್ಣಸ್ವಾಮಿಗೆ ಹೊಳೆದ ಉಪಾಯವೆಂದರೆ ಗಾಡಿಯನ್ನೇ ಎತ್ತರಿಸುವುದು. ಬಂಡೆ ತಗ್ಗುವುದಿಲ್ಲವೆಂದರೆ ಗಾಡಿ ಏಳಬೇಕು! ಇಷ್ಟು ಸರಳವಾದದ್ದು ಇಷ್ಟು ದಿನ ಹೊಳೆಯದೆ ಹೋಯಿತಲ್ಲ ಎಂದು ಅವನಿಗೆ ತನ್ನ ಮೇಲೆ ಸ್ವಲ್ಪ ಸಿಟ್ಟೂ, ಈಗಲಾದರೂ ಹೊಳೆಯಿತಲ್ಲ ಎಂದು ತುಂಬ ಹೆಮ್ಮೆಯೂ ಆಯಿತು. ಅವನು ಮೊದಲೇ ಅಳತೆಯ ಮನುಷ್ಯ. ಗೆರೆ ಕೊರೆದ ಬಿದಿರಿನ ಕೋಲೊಂದು ಸದಾ ಅವನ ಕೈಯಲ್ಲಿರುತ್ತಿತ್ತು. ಅದನ್ನು ಹಿಡಿದು ಅವನು ಬಂಡೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಎತ್ತರಕ್ಕೆ ಅಳೆದ. ಗಾಡಿಯ ಅಡಿಗೆ ಅಂಗಾತ ಮಲಗಿ ಚೇಂಬರ್ ಅಳೆದ. ಹುಚ್ಚಮ್ಮ ಬೇಲಿಯ ಬದಿಯಲ್ಲಿ ನಿಂತು, ಇವನು ದೇವರ ಬಂಡೆಗೆ ಅಂಗಿ ಹೊಲಿಸುತ್ತಾನೋ ಏನೋ ಎಂದಳು. ಅಳತೆಯೆಲ್ಲ ಮುಗಿದ ಮೇಲೆ ತೀರ್ಪು ಹೊರಬಿತ್ತು: ಗಾಡಿ ಒಂದು ಗೇಣು ಏಳಬೇಕು.

ಕುಶಾಲನಗರದಲ್ಲಿ ಗಾಡಿ ರಿಪೇರಿಯ ಶೆಡ್ಡು ಇಟ್ಟಿದ್ದವನು ಕುಟ್ಟಪ್ಪ. ಮಿಲಿಟರಿಯಲ್ಲಿದ್ದು ಬರ್ಮಾ ಗಡಿಯವರೆಗೆ ಲಾರಿ ರಿಪೇರಿ ಮಾಡಿ ಬಂದವನು. ಯಾವ ಗಾಡಿ ತಂದರೂ, ಇದಕ್ಕಿಂತ ಕೆಟ್ಟದ್ದನ್ನು ಗುಂಡಿನ ಮಳೆಯಲ್ಲಿ ಸರಿ ಮಾಡಿದ್ದೇನೆ ಎಂದೇ ಕೆಲಸ ಶುರು ಮಾಡುತ್ತಿದ್ದ. ಅವನು ಪಿಕಪ್ಪಿನ ಸುತ್ತ ಎರಡು ಸುತ್ತು ಬಂದು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಬೇಕಾದ ಸಾಮಾನು ಬರೆದ. ನಾಲ್ಕು ಚಕ್ರದ ಸ್ಪ್ರಿಂಗಿಗೂ ತಲಾ ಎರಡು ಪಟ್ಟಿ, ಒಟ್ಟು ಎಂಟು. ಅವನ್ನು ಬಿಗಿಯಲು ಉದ್ದನೆಯ ಯೂ ಬೋಲ್ಟು ಎಂಟು. ನಡುವಿನ ಬೋಲ್ಟು ನಾಲ್ಕು. ಸ್ಪ್ರಿಂಗಿನಡಿಗೆ ಗಟ್ಟಿಮರದ ದಿಮ್ಮಿ ನಾಲ್ಕು. ಕೂಲಿ ಸೇರಿ ಎಪ್ಪತ್ತೊಂದು ರೂಪಾಯಿ. ಆಗಷ್ಟೇ ನಯಾಪೈಸೆ ಬಂದಿದ್ದ ಕಾಲವಾದ್ದರಿಂದ ಕುಟ್ಟಪ್ಪ ಬಾಯಲ್ಲಿ ಆಣೆ ಹೇಳುತ್ತಿದ್ದ, ಚೀಟಿಯಲ್ಲಿ ಪೈಸೆ ಬರೆಯುತ್ತಿದ್ದ. ಆಣೆಗೆ ಆರು ಪೈಸೆಯೋ ಏಳೋ ಎಂದು ಇಬ್ಬರೂ ಅರ್ಧ ಗಂಟೆ ವಾದ ಮಾಡಿದರು.

ಚೀಟಿಯ ಕಟ್ಟಕಡೆಯಲ್ಲಿ ಇನ್ನೊಂದು ಸಾಲಿತ್ತು: ಕಾಲುಹಲಗೆ ಒಂದು, ಮೂರೂವರೆ ರೂಪಾಯಿ. ಗಾಡಿಯ ಹಳೆಯ ಕಾಲುಹಲಗೆ ಎಂದೋ ಬಂಡೆಗೆ ಬಡಿದು ಬಿದ್ದುಹೋಗಿತ್ತು.

"ಇದು ಬೇಕಾಗ್ತದೆ ಮಾರಾಯ್ರೇ," ಎಂದ ಕುಟ್ಟಪ್ಪ. "ಗಾಡಿ ಎತ್ತರ ಆದ್ರೆ ಹತ್ತೋದು ಹೇಗೆ?"

"ನಾನೇನು ಮುದುಕನೇ?" ಎಂದು ಸಣ್ಣಸ್ವಾಮಿ ಪೆನ್ಸಿಲ್ ಕಿತ್ತುಕೊಂಡು ಆ ಸಾಲಿನ ಮೇಲೆ ಅಡ್ಡಗೆರೆ ಎಳೆದ. ಮೂರೂವರೆ ರೂಪಾಯಿ ಉಳಿಸಿದ ಸಂತೋಷದಲ್ಲಿ ಎದುರು ಹೋಟೆಲಿನಲ್ಲಿ ಇಬ್ಬರಿಗೂ ಕಾಫಿ ಹೇಳಿದ.

ಗಟ್ಟಿಮರ ಮನೆಯಲ್ಲೇ ಇತ್ತು. ಎತ್ತು ಮಾರಿದ ಮೇಲೆ ಕೊಟ್ಟಿಗೆಯಲ್ಲಿ ಸುಮ್ಮನೆ ಬಿದ್ದಿದ್ದ ಹಳೆಯ ಎತ್ತಿನ ಗಾಡಿಯ ಮೂಕಿಯನ್ನು, ನೊಗ ಕಟ್ಟುವ ಆ ಉದ್ದ ಮರವನ್ನು, ಕೊಯ್ದು ನಾಲ್ಕು ದಿಮ್ಮಿ ಮಾಡಿದ. ಅದೇ ಗಾಡಿಯಲ್ಲಿ ಮದುವಣಗಿತ್ತಿಯಾಗಿ ಆ ಮನೆಗೆ ಬಂದಿದ್ದ ಮುತ್ತಮ್ಮ ಗರಗಸದ ಸದ್ದು ಕೇಳಿ ಹೊರಗೆ ಬಂದಳು, ನೋಡಿದಳು, ಒಳಗೆ ಹೋದಳು.

ಕೆಲಸ ಶುರುವಾಯಿತು. ಗಾಡಿ ಎದ್ದಿತು. ಎದ್ದದ್ದೇ ತಡ, ಬ್ರೇಕಿನ ಕೊಳವೆ ಮೋಟಾಯಿತು. ಅದನ್ನು ಉದ್ದದ್ದು ಹಾಕಿಸಿದರೆ ಸ್ಟಿಯರಿಂಗಿನ ರಾಡು ಎಟುಕಲಿಲ್ಲ. ಅದನ್ನು ಬೆಸೆಸಿ ಉದ್ದ ಮಾಡಿಸಿದರೆ ಹ್ಯಾಂಡ್‌ಬ್ರೇಕಿನ ತಂತಿ ಸಾಲಲಿಲ್ಲ. ಮುಂಭಾಗ ಹಿಂಭಾಗಕ್ಕಿಂತ ಎರಡು ಬೆರಳು ಹೆಚ್ಚು ಎದ್ದದ್ದರಿಂದ ಎರಡು ದೀಪಗಳೂ ರಸ್ತೆಯನ್ನು ಬಿಟ್ಟು ಮರದ ತುದಿಯನ್ನು ನೋಡತೊಡಗಿದವು. ಸಣ್ಣಸ್ವಾಮಿ ದಿನಾ ಸಂಜೆ ಮನೆಗೆ ಬಂದು ಹೊಸ ಸಾಮಾನಿನ ಹೆಸರು ಹೇಳುತ್ತಿದ್ದ. ನೆಂಟರ ಮನೆಯ ಮಕ್ಕಳ ಹೆಸರು ಕೇಳುವಂತೆ ಮುತ್ತಮ್ಮ ಕೇಳುತ್ತಿದ್ದಳು. ಎಪ್ಪತ್ತೊಂದು ನೂರ ಎಂಟಾಯಿತು, ನೂರ ಇಪ್ಪತ್ತೊಂಬತ್ತಾಯಿತು, ನೂರ ನಲವತ್ತಾರಕ್ಕೆ ಬಂದು ನಿಂತಿತು.

ಹದಿಮೂರನೆಯ ದಿನ ಗಾಡಿ ಮನೆಗೆ ಬಂತು. ಗಾಡಿಯೆಂದರೆ ಗಾಡಿ! ಕೊಕ್ಕರೆ ಕಾಲೂರಿ ನಿಂತಂತೆ ನಿಂತಿತ್ತು. ಸಣ್ಣಸ್ವಾಮಿ ಆರು ಮೂಟೆ ಭತ್ತ ಹೇರಿ ಬಂಡೆಯ ಮೇಲೆ ನಡೆಸಿದ. ಚೇಂಬರ್ ತಾಗಲಿಲ್ಲ. ಹುಚ್ಚಮ್ಮನ ಹುಂಜವೊಂದು ಗಾಡಿಯ ಅಡಿಯಲ್ಲಿ ಈ ಕಡೆಯಿಂದ ಆ ಕಡೆಗೆ ಜುಟ್ಟು ತಗ್ಗಿಸದೆ ನಡೆದುಹೋಯಿತು. ಮಳೆ ಬಂದರೆ ಇದರಡಿಯಲ್ಲಿ ನಿಲ್ಲಬಹುದು ಎಂದು ಹುಚ್ಚಮ್ಮ ಕೂಡ ಒಪ್ಪಿಕೊಂಡಳು. ಅಂದು ಸಣ್ಣಸ್ವಾಮಿ ಮುದ್ದೆ ಎರಡು ಉಂಡ.

ಹೆಸರಿಡುವ ದಿನ ಬೆಳಿಗ್ಗೆ ಮುತ್ತಮ್ಮ ಮದುವೆಯ ಸೀರೆ ಉಟ್ಟು, ತಲೆಗೆ ಸೇವಂತಿಗೆ ಮುಡಿದು, ಮಗುವಿಗೆಂದು ತಾನೇ ಹೊಲಿದ ಕುಲಾವಿಯನ್ನು ಎದೆಗೆ ಒತ್ತಿಕೊಂಡು ಗಾಡಿಯ ಬಳಿ ಬಂದಳು. ಸಣ್ಣಸ್ವಾಮಿ ಬಾಗಿಲು ತೆರೆದು ನಿಂತ.

ಗಾಡಿಯ ನೆಲ ಅವಳ ಸೊಂಟಕ್ಕೆ ಬಂತು.

ಮುತ್ತಮ್ಮ ಎಡಗಾಲು ಎತ್ತಿ ನೋಡಿದಳು. ಬಲಗಾಲು ಎತ್ತಿ ನೋಡಿದಳು, ಅದು ಏಳಲೇ ಇಲ್ಲ. ಆಮೇಲೆ ಗಂಡನ ಮುಖ ನೋಡಿದಳು. ಅವಳು ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ನಕ್ಕಿದ್ದರೂ ತಡೆದುಕೊಳ್ಳುತ್ತಿದ್ದ. ಅವಳು ಕುಲಾವಿಯನ್ನು ಮಡಚಿ ಸೆರಗಿನಲ್ಲಿ ಸಿಕ್ಕಿಸಿಕೊಂಡು, "ಹೋಗ್ಲಿ ಬಿಡಿ," ಎಂದಳು. ಬಂಡೆ ಅಳೆದವನು, ಚೇಂಬರ್ ಅಳೆದವನು, ಹೆಂಡತಿಯ ಮಂಡಿಯನ್ನು ಅಳೆಯಲು ಮರೆತಿದ್ದ.

ಆಗ ಅವನ ಕಣ್ಣು ಮನೆಯ ಜಗಲಿಯ ಮೇಲೆ ಬಿತ್ತು. ಇಳಿಜಾರಿನಲ್ಲಿ ಕಟ್ಟಿದ ಮನೆ. ಹಿತ್ತಲ ಕಡೆ ನೆಲಕ್ಕೆ ಸಮವಾಗಿದ್ದ ಜಗಲಿ ಮುಂದುಗಡೆ ಸೊಂಟದೆತ್ತರ. ಗಾಡಿಯನ್ನು ತಿರುಗಿಸಿ ಜಗಲಿಗೆ ಒರಗಿಸಿ ನಿಲ್ಲಿಸಿದ. ಮುತ್ತಮ್ಮ ಹಿತ್ತಲಿಂದ ಬಂದು, ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಂತೆ ಜಗಲಿಯಿಂದ ಗಾಡಿಯೊಳಗೆ ನಡೆದು ಹೋಗಿ ಕೂತಳು.

"ಇದೂ ನನ್ನ ಲೆಕ್ಕದಲ್ಲಿತ್ತು ಕಣೇ," ಎಂದ ಸಣ್ಣಸ್ವಾಮಿ.

ಬಂಡೆ ಬಂತು, ಬಂಡೆ ಹೋಯಿತು. ಮುತ್ತಮ್ಮ ಸೀಟಿನ ಅಂಚನ್ನು ಹಿಡಿದಿದ್ದ ಕೈ ಸಡಿಲಿಸಿದಳು. ಅಷ್ಟೆತ್ತರದಲ್ಲಿ ಕೂತವಳಿಗೆ ಬೇಲಿಗಳ ಆಚೆಯೆಲ್ಲ ಕಾಣುತ್ತಿತ್ತು: ಯಾರದೋ ಅಂಗಳದಲ್ಲಿ ಒಣಹಾಕಿದ ಮೆಣಸಿನಕಾಯಿ, ಹೊಸದಾಗಿ ಕಟ್ಟಿದ ಶಾಲೆ, ತೆನೆಗಟ್ಟುತ್ತಿದ್ದ ಗದ್ದೆ. ಇದು ಯಾವಾಗ ಕಟ್ಟಿದರು, ಅದು ಯಾರ ಮನೆ ಎಂದು ದಾರಿಯುದ್ದಕ್ಕೂ ಕೇಳಿದಳು. ಒಂದು ವರ್ಷದಲ್ಲಿ ಲೋಕದಲ್ಲಿ ಇಷ್ಟೆಲ್ಲ ಆಗಿದೆಯೆಂದು ಸಣ್ಣಸ್ವಾಮಿಗೂ ಅಂದೇ ತಿಳಿದದ್ದು. ನೂರ ನಲವತ್ತಾರು ರೂಪಾಯಿ ಏನೂ ಹೆಚ್ಚಲ್ಲ ಎಂದುಕೊಂಡ.

ಕೂಡಿಗೆ ದಾಟಿ ಹೆಬ್ಬಾಲೆ ಬಂತು. ಕೆಂಪಣ್ಣನ ಮನೆಯಲ್ಲಿ ಚಪ್ಪರ ಹಾಕಿ, ಅಂಗಳ ತುಂಬ ರಂಗೋಲಿ ಬಿಡಿಸಿದ್ದರು. ರಂಗೋಲಿ ಕೆಡಬಾರದೆಂದು ಸಣ್ಣಸ್ವಾಮಿ ಗಾಡಿಯನ್ನು ಅಂಗಳದ ಅಂಚಿನಲ್ಲಿ ನಿಲ್ಲಿಸಿದ. ಮೂವತ್ತು ನಲವತ್ತು ಜನ ನೆಂಟರು ಸುತ್ತ ನೆರೆದರು. ಸಣ್ಣಸ್ವಾಮಿಯ ಅತ್ತೆ, ಮುತ್ತಮ್ಮನ ತಾಯಿ, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಳು. ಸಣ್ಣಸ್ವಾಮಿ ದರ್ಬಾರಿಗೆ ಇಳಿಯುವವನಂತೆ ಕೆಳಗೆ ಹಾರಿ, ಈ ಕಡೆ ಬಂದು ಬಾಗಿಲು ತೆಗೆದ. ತೆಗೆದವನು ಜಗಲಿಗಾಗಿ ಹುಡುಕಿದ.

ಹೆಬ್ಬಾಲೆ ಬಯಲು ನಾಡು. ಅಲ್ಲಿನ ಜಗಲಿಗಳೆಲ್ಲ ಒಂದು ಮೊಳ. ಹತ್ತಿಸುವ ಲೆಕ್ಕ ಸರಿಹೋಗಿತ್ತು, ಇಳಿಸುವ ಲೆಕ್ಕವನ್ನು ಯಾರೂ ಹಾಕಿರಲಿಲ್ಲ!

ಮುತ್ತಮ್ಮ ಮೇಲೆ ಕೂತಿದ್ದಳು, ತವರು ಕೆಳಗೆ ನಿಂತಿತ್ತು. ಕೆಂಪಣ್ಣ ಏಣಿ ತಂದ. ಮಡಚದ ಮಂಡಿಗೆ ಏಣಿ ಯಾಕೆ? ಯಾರೋ ಕುರ್ಚಿ ತಂದರು. ಅದರ ಒಂದು ಕಾಲು ಮುತ್ತಮ್ಮನ ಮಂಡಿಗಿಂತ ಕೆಟ್ಟಿತ್ತು. ಮನೆಯೊಳಗಿನ ಭತ್ತದ ಮೂಟೆಗಳನ್ನು ಮೆಟ್ಟಿಲಿನಂತೆ ಜೋಡಿಸೋಣವೆಂದು ಒಬ್ಬರೆಂದರೆ, ಶುಭದ ದಿನ ಧಾನ್ಯದ ಮೇಲೆ ಕಾಲಿಡುತ್ತಾರೆಯೇ ಎಂದು ಹತ್ತು ಜನ ಗದರಿದರು. ಮಗುವನ್ನೇ ಗಾಡಿಗೆ ತರೋಣವೆಂದರೆ ಹೆಸರಿಲ್ಲದ ಕೂಸು ಹೊಸ್ತಿಲು ದಾಟುವಂತಿಲ್ಲ. ಒಳಗೆ ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಎರಡು ಸಲ ಕೂಗಿದರು.

ಸಣ್ಣಸ್ವಾಮಿ ಹೆಗಲ ಮೇಲಿನ ಶಲ್ಯ ತೆಗೆದಿಟ್ಟು, ಬಿಳಿಪಂಚೆಯ ಸಮೇತ ಗಾಡಿಯ ಬಾಗಿಲ ಬಳಿ ಮಣ್ಣಿನಲ್ಲಿ ಅಂಗೈ ಮಂಡಿ ಊರಿ ಬಗ್ಗಿದ.

"ನನ್ನ ಬೆನ್ನ ಮೇಲೆ ಕಾಲಿಟ್ಟು ಇಳಿ," ಎಂದ.

"ಏಳಿ ಮೇಲೆ," ಎಂದಳು ಮುತ್ತಮ್ಮ ಮೆಲ್ಲಗೆ. "ನಮ್ಮಮ್ಮನ ಎದುರಿಗೆ ನಿಮ್ಮ ಮೈಮೇಲೆ ಕಾಲಿಡ್ಲಾ ನಾನು?"

ಅವನು ಏಳಲಿಲ್ಲ. ಎದ್ದು ಏನು ಮಾಡುವುದು? ಬಗ್ಗಿದ್ದವನ ಕಣ್ಣಿಗೆ ಕಾಣುತ್ತಿದ್ದುದು ರಂಗೋಲಿಯ ತುದಿ, ನೆಂಟರ ಪಾದಗಳು, ಎದುರು ಚಕ್ರದ ಹಿಂದೆ ಅಡಗಿ ಕೂತ ಮೂಕಿಯ ದಿಮ್ಮಿ. ಅಷ್ಟರಲ್ಲಿ ಒಳಗಿನಿಂದ ಮಗು ಅತ್ತಿತು. ಸಣ್ಣ ದನಿ. ಕುಲಾವಿ ಹಿಡಿದ ಮುತ್ತಮ್ಮನ ಕೈ ಆ ದನಿಯ ಕಡೆಗೆ ತಾನಾಗಿ ಚಾಚಿತು.

ಸಣ್ಣಸ್ವಾಮಿ ಎದ್ದ. ಕೈಯ ಮಣ್ಣನ್ನು ಪಂಚೆಗೆ ಒರೆಸಿಕೊಂಡ. ಒಂದು ಕೈಯನ್ನು ಅವಳ ಬೆನ್ನಿಗೂ ಇನ್ನೊಂದನ್ನು ಮಂಡಿಯ ಅಡಿಗೂ ಕೊಟ್ಟು, ನಲವತ್ತು ಜನ ನೆಂಟರ ಎದುರಿಗೆ, ಆರತಿ ತಟ್ಟೆ ಹಿಡಿದ ಅತ್ತೆಯ ಎದುರಿಗೆ, ಹೆಂಡತಿಯನ್ನು ಎತ್ತಿಕೊಂಡ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಂಡಸರು ಚಪ್ಪರದ ಮಾವಿನೆಲೆಯನ್ನು ಎಣಿಸತೊಡಗಿದರು. ಮುತ್ತಮ್ಮ ಕುಲಾವಿಯಲ್ಲಿ ಮುಖ ಮರೆಮಾಡಿಕೊಂಡಳು. ಅವನು ಯಾರ ಮುಖವನ್ನೂ ನೋಡದೆ ರಂಗೋಲಿಯನ್ನು ಬಳಸಿ ನಡೆದು, ಅತ್ತೆಯ ಮುಂದೆ ಆರತಿಗೆ ಒಂದು ಗಳಿಗೆ ನಿಂತು, ತಲೆ ತಗ್ಗಿಸಿ ಹೊಸ್ತಿಲು ದಾಟಿ, ಅವಳನ್ನು ತೊಟ್ಟಿಲ ಪಕ್ಕದ ಮಂಚದ ಮೇಲೆ ಕೂರಿಸಿದ. ಹೋದ ವರ್ಷ ಜೋಲುಬಿದ್ದಿದ್ದ ಕೈಗಳು ಈಗ ಅವಳ ಬೆನ್ನಿಗೊಂದು ದಿಂಬನ್ನೂ ಒತ್ತಿ ಇಟ್ಟವು.

ಮುತ್ತಮ್ಮ ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಕುಲಾವಿ ತೊಡಿಸಿದಳು. ಆಮೇಲೆ ಕುಲಾವಿಯ ಅಂಚನ್ನು ಸರಿಸಿ ಕಿವಿಯಲ್ಲಿ ಮೂರು ಸಲ "ಯಮುನ" ಎಂದಳು. ಹನ್ನೊಂದು ವರ್ಷ ಕಾದ ಕೆಂಪಣ್ಣ ಬಾಗಿಲ ಹಿಂದೆ ನಿಂತು ಅತ್ತ. ಸಣ್ಣಸ್ವಾಮಿಗೆ ಹೋಳಿಗೆ ಬಡಿಸುವಾಗ ಅತ್ತೆ ತುಪ್ಪ ಬಿಡುತ್ತಲೇ ಇದ್ದಳು. ಸಾಯಂಕಾಲ ಹೊರಡುವಾಗ ಅವನು ಮತ್ತೆ ಹೆಂಡತಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿದ. ಈ ಸಲ ಯಾರೂ ಬಾಯಿ ಮುಚ್ಚಿಕೊಳ್ಳಲಿಲ್ಲ. ತಲೆ ತಾಗೀತು, ಮೆಲ್ಲಗೆ ಎಂದಳು ಅತ್ತೆ.

ವಾಪಸು ದಾರಿಯಲ್ಲಿ ಬಂಡೆ ಹತ್ತಿರ ಬಂದಾಗ ಮುತ್ತಮ್ಮ ಕೇಳಿದಳು:

"ಈ ಬಂಡೆ ಹತ್ರ ಎಷ್ಟು ಹೆಜ್ಜೆ ನಡೀಬೇಕಿತ್ತು ನಾನು?"

"ಇಪ್ಪತ್ತೆರಡು," ಎಂದ ಸಣ್ಣಸ್ವಾಮಿ ಥಟ್ಟನೆ. ಅಳತೆಯ ವಿಷಯ ಬಂದರೆ ಅವನು ತಡವರಿಸಿದವನಲ್ಲ.

"ಇವತ್ತು ಗಾಡಿಯಿಂದ ತೊಟ್ಟಿಲ ತನಕ?"

ಅವನು ಮನಸ್ಸಿನಲ್ಲೇ ಅಂಗಳ ದಾಟಿದ. "ಮೂವತ್ತೈದು ಇರಬೇಕು."

ಮುತ್ತಮ್ಮ ತಲೆಯ ಸೇವಂತಿಗೆ ಸರಿಮಾಡಿಕೊಂಡಳು. "ಹಂಗಾದ್ರೆ ಗಾಡೀನ ಯಾಕೆ ಎತ್ತರಿಸಿದ್ರಿ?" ಎಂದಳು.

ಎಂಟು ಪಟ್ಟಿ, ಎಂಟು ಯೂ ಬೋಲ್ಟು, ನಾಲ್ಕು ದಿಮ್ಮಿ, ಬ್ರೇಕಿನ ಕೊಳವೆ, ಸ್ಟಿಯರಿಂಗಿನ ರಾಡು, ಒಟ್ಟು ನೂರ ನಲವತ್ತಾರು ರೂಪಾಯಿ ಸದ್ದಿಲ್ಲದೆ ಬಂಡೆಯನ್ನು ದಾಟಿದವು. ಮನೆ ಕಾಣಿಸಿದ ಮೇಲೆ ಸಣ್ಣಸ್ವಾಮಿ ತಗ್ಗಿದ ದನಿಯಲ್ಲಿ, ನಾಳೆಯೇ ಕುಟ್ಟಪ್ಪನ ಹತ್ತಿರ ಹೋಗಿ ಆ ಮೂರೂವರೆ ರೂಪಾಯಿಯ ಕಾಲುಹಲಗೆ ಹಾಕಿಸಿಬಿಡುತ್ತೇನೆ ಎಂದ.

ಮುತ್ತಮ್ಮ ಕಿಟಕಿಯ ಆಚೆ ಮುಖ ತಿರುಗಿಸಿದಳು.

"ಅದೊಂದು ಬೇಡ ಬಿಡಿ," ಎಂದಳು.